ಮಂಡಿಯ ತಿರುವು: ಒಂದು ಶಸ್ತ್ರಚಿಕಿತ್ಸೆಯ ಪೂರ್ವೋತ್ತರ

ಮಂಡಿಯು ಕೇವಲ ಮಡಚುವುದಕ್ಕೂ ನೀಡುವುದಕ್ಕೂ ಇರತಕ್ಕ ಕೀಲೆಂದು ಜನರೂ ವೈದ್ಯರೂ ಬಹುಕಾಲ ಭಾವಿಸಿಕೊಂಡಿದ್ದರು. ಆದರೆ ಊಟಕ್ಕೆ ಚಕ್ಕಳಬಕ್ಕಳ ಹಾಕಿ ಕುಳಿತವನ ಕಾಲನ್ನು ಗಮನವಿಟ್ಟು ನೋಡಿದರೆ, ಮಡಚಿದ ಮಂಡಿಯಲ್ಲಿ ಕಣಕಾಲಿನ ಮೂಳೆಯು ತೊಡೆಮೂಳೆಯ ಅಡಿಯಲ್ಲಿ ತನ್ನ ಉದ್ದದ ಅಕ್ಷದ ಸುತ್ತ ಸಾಕಷ್ಟು ತಿರುಗಬಲ್ಲುದೆಂಬುದೂ, ಅದೇ ಮನುಷ್ಯನು ಎದ್ದು ಕಾಲನ್ನು ನೆಟ್ಟಗೆ ನೀಡಿ ನಿಂತೊಡನೆ ಆ ತಿರುಗುವಿಕೆಯು ಬಹುಮಟ್ಟಿಗೆ ನಿಂತುಹೋಗುವುದೆಂಬುದೂ ತಿಳಿದುಬರುತ್ತದೆ. ನಿಂತ ಕಾಲಿಗೆ ಸ್ಥೈರ್ಯ ಬೇಕು, ದಿಕ್ಕು ಬದಲಿಸುವ ಕಾಲಿಗೆ ಚಲನೆ ಬೇಕು. ಪರಸ್ಪರ ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಒಂದೇ ಕೀಲು ಪೂರೈಸುತ್ತಿರುವುದು ಮೂಳೆಗಳ ಆಕಾರದ ಬಲದಿಂದಲ್ಲ, ಏಕೆಂದರೆ ತೊಡೆಮೂಳೆಯ ದುಂಡನೆಯ ತುದಿಗಳು ಕಣಕಾಲಿನ ಮೂಳೆಯ ಹೆಚ್ಚುಕಡಿಮೆ ಚಪ್ಪಟೆಯಾದ ತಲೆಯ ಮೇಲೆ ಸುಮ್ಮನೆ ಕುಳಿತಿವೆ. ಅವೆರಡನ್ನೂ ಹಿಡಿದು ನಿಲ್ಲಿಸಿರುವ ಅಸ್ಥಿರಜ್ಜುಗಳ ಬಲದಿಂದ. ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯ್ದು ಹೋಗುವ ಎರಡು ರಜ್ಜುಗಳಲ್ಲಿ ಮುಂದಿನದು ಇಂದು ಕ್ರೀಡಾಪುಟಗಳ ಓದುಗರಿಗೆಲ್ಲ ಎಸಿಎಲ್ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಈ ರಜ್ಜು ಹರಿಯುವ ಸಂದರ್ಭವನ್ನು ನಮ್ಮ ಊರುಗಳ ಕಬಡ್ಡಿ ಅಂಕಣದಲ್ಲಿ ಕಂಡವರು ಬಹಳ ಮಂದಿ. ಎದುರಾಳಿಗಳ ನಡುವೆ ನುಗ್ಗಿದವನು ಪಾದವನ್ನು ನೆಲಕ್ಕೆ ಊರಿ ಮೈಯನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿದಾಗ, ಪಾದವು ನಿಂತಲ್ಲೇ ನಿಂತು ತೊಡೆ ಮಾತ್ರ ತಿರುಗಿ, ಕೀಲಿನೊಳಗೆ ಏನೋ ಕಡಿದ ಸದ್ದು ಅವನಿಗೇ ಕೇಳಿಸುತ್ತದೆ. ಕೆಲವು ಗಂಟೆಗಳಲ್ಲಿ ಮಂಡಿ ರಕ್ತದಿಂದ ಊದಿಕೊಳ್ಳುತ್ತದೆ. ವಾರಗಳು ಕಳೆದ ಮೇಲೆ ಊತವಿಳಿದು ಅವನು ನೆಟ್ಟಗಿನ ದಾರಿಯಲ್ಲಿ ನಡೆಯುತ್ತಾನೆ, ಮೆಟ್ಟಿಲನ್ನೂ ಹತ್ತುತ್ತಾನೆ. ಆದರೆ ಒಂದು ತಿರುವು ತೆಗೆದುಕೊಂಡರೆ ಮಂಡಿ ಜಾರುತ್ತದೆ, ಕಾಲು ಕೈಕೊಡುತ್ತದೆ. ರೋಗಿಯ ಈ ದೂರಿನಲ್ಲಿಯೇ ಸಮಸ್ಯೆಯ ತಿರುಳಿದೆ. ಹಾಗಿದ್ದರೂ ಶಸ್ತ್ರವೈದ್ಯವು ಒಂದು ಶತಮಾನಕ್ಕೂ ಮಿಕ್ಕ ಕಾಲ ಮೂಳೆ ಮುಂದಕ್ಕೆ ಎಷ್ಟು ಜಾರುತ್ತದೆಂಬುದನ್ನೇ ಹೆಚ್ಚಾಗಿ ಅಳೆಯಿತು. ಅದು ಹೇಗೆ ತಿರುಗುತ್ತದೆಂಬುದನ್ನು ಒಮ್ಮೆ ಕಂಡುಕೊಂಡಿತು, ಬಳಿಕ ಮರೆಯಿತು, ಮತ್ತೆ ಕಂಡುಕೊಂಡಿತು. ಆ ಕಾಣುವಿಕೆ ಮರೆಯುವಿಕೆಗಳ ಕಥೆಯನ್ನು ಹೇಳುವುದೇ ಈ ಬರೆಹದ ಉದ್ದೇಶ.

ಪ್ರಾಚೀನರಲ್ಲಿ ಪೆರ್ಗಮಾನ್ ನಗರದ ಗೇಲೆನನು ಖಡ್ಗಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡುವ ವೈದ್ಯನಾಗಿದ್ದು, ಈ ಅಡ್ಡರಜ್ಜುಗಳು ಕೀಲನ್ನು ಹಿಡಿದಿಡುವ ಬಂಧನಗಳೆಂಬುದನ್ನು ಬರೆದಿಟ್ಟನು. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. 1836ರಲ್ಲಿ ಜರ್ಮನಿಯ ವೆಬರ್ ಸಹೋದರರು ಮನುಷ್ಯನ ನಡಿಗೆಯ ಯಂತ್ರಶಾಸ್ತ್ರವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಮಂಡಿಯಲ್ಲಿ ಮೂಳೆಯು ಉರುಳುವುದೂ ಜಾರುವುದೂ ಒಟ್ಟಿಗೆ ನಡೆಯುವುದನ್ನೂ, ರಜ್ಜುವಿನ ಬೇರೆಬೇರೆ ಎಳೆಗಳು ಬೇರೆಬೇರೆ ಕೋನಗಳಲ್ಲಿ ಬಿಗಿಯುವುದನ್ನೂ ವಿವರಿಸಿದರು. 1845ರಲ್ಲಿ ಲಿಯೋನ್ ನಗರದ ಅಮೆದೆ ಬೊನೆಯು ರಜ್ಜು ಹರಿದಾಗಿನ ಸದ್ದು, ರಕ್ತದ ಊತ, ಬಲಗುಂದುವಿಕೆ, ಇವುಗಳನ್ನು ಲಕ್ಷಣಗಳಾಗಿ ಗುರುತಿಸಿದನು.

ಆದರೆ ನಮ್ಮ ಕಥೆಯ ನಿಜವಾದ ಆರಂಭ 1870ರ ದಶಕದ ಪ್ಯಾರಿಸ್ಸಿನಲ್ಲಿ. ಗ್ರೀಸ್ ದೇಶದಿಂದ ಅಲ್ಲಿಗೆ ವೈದ್ಯವಿದ್ಯೆಗಾಗಿ ಬಂದಿದ್ದ ಜಾರ್ಜ್ ನೂಲಿಸ್ ಎಂಬ ವಿದ್ಯಾರ್ಥಿ 1875ರಲ್ಲಿ ಮಂಡಿಯ ಉಳುಕನ್ನು ಕುರಿತು ಪ್ರೌಢಪ್ರಬಂಧವೊಂದನ್ನು ಬರೆದು, ತೊಡೆಯನ್ನು ಒಂದು ಕೈಯಲ್ಲಿ ಸ್ಥಿರವಾಗಿ ಹಿಡಿದು, ಸ್ವಲ್ಪವೇ ಮಡಚಿದ ಕಾಲಿನ ಕೆಳಭಾಗವನ್ನು ಹೆಬ್ಬೆರಳು ಮುಂದೆಯೂ ಉಳಿದ ಬೆರಳುಗಳು ಹಿಂದೆಯೂ ಇರುವಂತೆ ಇನ್ನೊಂದು ಕೈಯಲ್ಲಿ ಹಿಡಿದು ಮುಂದಕ್ಕೆಳೆದರೆ, ರಜ್ಜು ಹರಿದಿದ್ದ ಪಕ್ಷದಲ್ಲಿ ಮೂಳೆ ಮುಂದಕ್ಕೆ ಜಾರುವುದೆಂದು ತೋರಿಸಿದನು. ಅದೇ ಪರೀಕ್ಷೆಯು ಒಂದು ಶತಮಾನದ ತರುವಾಯ, 1976ರಲ್ಲಿ, ಫಿಲಡೆಲ್ಫಿಯಾದ ಜಾನ್ ಲಾಕ್ಮನ್ ಅವರ ಹೆಸರಿನಿಂದ ಪ್ರಸಿದ್ಧವಾಯಿತು; ಇಂದು ಮೂಳೆತಜ್ಞರ ಕೊಠಡಿಯಲ್ಲಿ ದಿನವೂ ನಡೆಯುವುದು ಅದುವೆ.

ನೂಲಿಸನು ಮುಂದಿನ ಜಾರುವಿಕೆಯನ್ನು ತೋರಿಸಿದನು. ತಿರುವನ್ನು ತೋರಿಸಿದವನು ಪಾಲ್ ಸೆಗಾಂ. 1879ರಲ್ಲಿ ಪ್ರಕಟವಾದ ಅವನ ಶೋಧನೆಯ ಕ್ರಮ ಸರಳವೂ ಧೀರವೂ ಆಗಿತ್ತು: ಶವಗಳ ಮಂಡಿಯನ್ನು ಮಡಚಿ, ಪಾದವನ್ನು ಬಲವಾಗಿ ಒಳಮುಖಕ್ಕೆ ತಿರುಚಿ, ಏನು ಹರಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಕೊಯ್ದು ನೋಡುವುದು. ಹಾಗೆ ತಿರುಚಿದಾಗಲೆಲ್ಲ ಮಂಡಿಯ ಹೊರಬದಿಯ ಮುಂಭಾಗದಲ್ಲಿ ಮುತ್ತಿನ ಹೊಳಪಿನ ಗಟ್ಟಿಯಾದ ನಾರಿನ ಪಟ್ಟಿಯೊಂದು ಅತ್ಯಂತ ಬಿಗಿಯಾಗಿ ಸೆಳೆದು, ಕಡೆಗೆ ಕಣಕಾಲಿನ ಮೂಳೆಯ ಅಂಚಿನಿಂದ ಸಣ್ಣ ಚೂರೊಂದನ್ನು ಕಿತ್ತುಕೊಂಡು ಬರುವುದನ್ನು ಅವನು ಕಂಡನು. ಕ್ಷಕಿರಣಗಳು ಬೆಳಕಿಗೆ ಬರಲು ಇನ್ನೂ 16 ವರ್ಷಗಳಿದ್ದವು. ಈಗ ಕ್ಷಕಿರಣದ ಚಿತ್ರದಲ್ಲಿ ಆ ಮೂಳೆಯ ಚೂರು ಕಂಡರೆ ಒಳಗಿನ ಎಸಿಎಲ್ ಹರಿದಿದೆಯೆಂದು ವೈದ್ಯರು ನಿಶ್ಚಯಿಸುತ್ತಾರೆ. ಸೆಗಾಂ ಮುರಿತವೆಂಬುದೇ ಅದರ ಹೆಸರು. ಚೂರಿಗೆ ಅವನ ಹೆಸರು ನಿಂತಿತು. ಅದನ್ನು ಕಿತ್ತ ಪಟ್ಟಿಯನ್ನು ಮಾತ್ರ ನೂರಮೂವತ್ತು ವರ್ಷಗಳಷ್ಟು ಕಾಲ ಬಹುಮಂದಿ ವಿಚಾರಿಸಲಿಲ್ಲ. ಕೀಲಿನ ನಡುವಣ ರಜ್ಜು ಒಂಟಿಯಾಗಿ ತಿರುವನ್ನು ತಡೆಯುವುದಿಲ್ಲ, ಹೊರಬದಿಯ ಅಂಗಾಂಶಗಳೂ ಅದರೊಡನೆ ದುಡಿಯುತ್ತವೆ ಎಂಬ ತತ್ತ್ವ ಆ ಶವಪರೀಕ್ಷೆಯಲ್ಲಿಯೇ ಅಡಗಿತ್ತೆಂಬುದನ್ನು ನೆನೆದಾಗ, ವಿದ್ಯೆಯ ಸಂಪತ್ತನ್ನು ಕೈಯಲ್ಲಿಟ್ಟುಕೊಂಡೇ ಬಡತನವನ್ನು ಅನುಭವಿಸಿದ ಒಂದು ದೀರ್ಘಕಾಲದ ಬಗ್ಗೆ ನನಗೆ ಖೇದವಾಗುತ್ತದೆ.

ಹರಿದ ರಜ್ಜುವಿಗೆ ಮೊದಲು ಸೂಜಿ ಹಾಕಿದವರಲ್ಲಿ ಲೀಡ್ಸ್ ನಗರದ ಆರ್ಥರ್ ಮೇಯೊ ರಾಬ್ಸನ್ ಅಗ್ರಗಣ್ಯನು. 1895ರಲ್ಲಿ ಅವನ ಬಳಿಗೆ ಬಂದವನು ಗಣಿಯಲ್ಲಿ ಮಣ್ಣು ಕುಸಿದು ಗಾಯಗೊಂಡಿದ್ದ 41 ವರ್ಷದ ಕೆಲಸಗಾರ. ಎರಡು ಅಡ್ಡರಜ್ಜುಗಳೂ ಮೇಲ್ತುದಿಯಲ್ಲಿ ಕಿತ್ತುಬಂದಿದ್ದವು. ಕ್ಯಾಟ್‌ಗಟ್ ದಾರದಿಂದ ಅವನ್ನು ಹೊಲಿದು ಸ್ವಸ್ಥಾನಕ್ಕೆ ಸೇರಿಸಲಾಯಿತು, ಆ ಮನುಷ್ಯನು ಮರಳಿ ದುಡಿಮೆಗೆ ಹೋದನು. ಆದರೂ ಹೊಲಿಗೆಯಲ್ಲಿ ಎಲ್ಲರಿಗೂ ವಿಶ್ವಾಸ ಹುಟ್ಟಲಿಲ್ಲ. ಲಿವರ್‌ಪೂಲಿನ ರಾಬರ್ಟ್ ಜೋನ್ಸನಂಥ ಮಹಾವೈದ್ಯನೇ 1916ರಲ್ಲಿ, ಹೊಲಿಯುವುದು ನಿಷ್ಫಲ, ಪ್ರಕೃತಿಯು ಕಟ್ಟುವ ಗಾಯದ ಅಂಗಾಂಶವೇ ನೆಚ್ಚತಕ್ಕದ್ದು ಎಂದು ಅಭಿಪ್ರಾಯಪಟ್ಟನು. ಕೀಲಿನೊಳಗಣ ದ್ರವದಲ್ಲಿ ತೊಯ್ದಿರುವ ರಜ್ಜುವಿನ ಹರಿದ ತುದಿಗಳು ತಾವಾಗಿ ಬೆಸೆಯುವುದು ವಿರಳವೆಂಬ ಸಂಗತಿ ಆಮೇಲೆ ಸ್ಪಷ್ಟವಾಯಿತು.

ಹೊಲಿಯುವುದು ಸಾಲದಿದ್ದರೆ ಹೊಸದನ್ನೇ ಹಾಕಬೇಕು. ಈ ಆಲೋಚನೆಯನ್ನು ಕಾರ್ಯರೂಪಕ್ಕೆ ತಂದವನು ಬ್ರಿಸ್ಟಲ್ ನಗರದ ಅರ್ನೆಸ್ಟ್ ಹೇ ಗ್ರೋವ್ಸ್. ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದ 1917ರಲ್ಲಿ ಅವನು ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಕಣಕಾಲಿನವರೆಗೆ ಇಳಿದು ಬರುವ ನಾರಿನ ಪಟ್ಟಿಯಿಂದ ಒಂದು ಸೀಳನ್ನು ಬಿಡಿಸಿ, ಅದರ ಮೇಲ್ತುದಿಯನ್ನು ಸ್ನಾಯುವಿಗೆ ಅಂಟಿಕೊಂಡಂತೆಯೇ ಬಿಟ್ಟು, ಕೆಳತುದಿಯನ್ನು ತೊಡೆಮೂಳೆಯಲ್ಲಿಯೂ ಕಣಕಾಲಿನ ಮೂಳೆಯಲ್ಲಿಯೂ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಬಿಗಿದನು. ಮೂಳೆಯಲ್ಲಿ ಸುರಂಗ ಕೊರೆದು ರೋಗಿಯ ದೇಹದ್ದೇ ಆದ ಎಳೆಯನ್ನು ಅದರೊಳಗೆ ಎಳೆದು ಕಟ್ಟುವ ಈ ಪದ್ಧತಿಯೇ, ಉಪಕರಣಗಳೆಷ್ಟು ಬದಲಾದರೂ, ಇಂದಿಗೂ ಶಸ್ತ್ರಚಿಕಿತ್ಸೆಯ ಮೂಲರೂಪವಾಗಿ ಉಳಿದಿದೆ. 1920ರಲ್ಲಿ 14 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಅವನು ಬರೆದ ಒಂದು ವಿವರಣೆ ನನ್ನ ದೃಷ್ಟಿಯಲ್ಲಿ ಶಸ್ತ್ರಕ್ರಿಯೆಗಿಂತಲೂ ದೊಡ್ಡದು. ಮೇಜಿನ ಮೇಲೆ ಮಲಗಿದ ರೋಗಿಯ ಮೂಳೆಯನ್ನು ವೈದ್ಯನು ಎಳೆದು ನೋಡುವುದು ಒಂದು. ರೋಗಿಯು ತಾನೇ ಪಾದವನ್ನು ನೆಲಕ್ಕೆ ಊರಿ ಮೈಭಾರ ಹಾಕಿದಾಗ ಮೂಳೆಯು ಒಮ್ಮೊಮ್ಮೆ ನಿಧಾನವಾಗಿಯೂ ಒಮ್ಮೊಮ್ಮೆ ಎಳೆದಂತೆ ಥಟ್ಟನೆಯೂ ಮುಂದಕ್ಕೆ ಸರಿಯುವುದು ಇನ್ನೊಂದು ಎಂಬುದನ್ನು ಅವನು ಗುರುತಿಸಿದ್ದನು. ಹೊಸ ರಜ್ಜುವು ಹಳೆಯದರಂತೆ ಓರೆಯಾಗಿ, ಅದರ ಸಹಜಸ್ಥಾನಗಳಲ್ಲಿಯೇ ನೆಲೆಗೊಳ್ಳಬೇಕೆಂಬ ಅವನ ಆಗ್ರಹದ ಬೆಲೆ ತಿಳಿಯಲು ಎಂಟು ದಶಕಗಳು ಬೇಕಾದವು.

ಬಳಿಕ ಮೂಲದ್ರವ್ಯದ ಹುಡುಕಾಟ ಮೊದಲಾಯಿತು. 1934ರಲ್ಲಿ ಇಟಲಿಯ ಗಾಲೆಯಾಟ್ಸಿಯು ತೊಡೆಯ ಹಿಂಬದಿಯಿಂದ ಇಳಿದು ಬರುವ ಸ್ನಾಯುರಜ್ಜುವನ್ನು ಬಳಸಿದನು. ಅಮೆರಿಕದ ಮೆಂಫಿಸ್ಸಿನಲ್ಲಿ ಕ್ಯಾಂಪ್‌ಬೆಲ್ಲನು ಮಂಡಿಚಿಪ್ಪಿನ ರಜ್ಜುವಿನಿಂದ ಸೀಳು ತೆಗೆದನು. 1938ರಲ್ಲಿ ಸ್ಟಾಕ್‌ಹೋಮಿನ ಈವಾರ್ ಪಾಲ್ಮರ್ ಈ ಗಾಯಗಳನ್ನೆಲ್ಲ ಕುರಿತು ಪ್ರೌಢವಾದ ಗ್ರಂಥವನ್ನೇ ಬರೆದನು. 1963ರಲ್ಲಿ ಕೆನೆತ್ ಜೋನ್ಸ್ ಅವರು ಮಂಡಿಚಿಪ್ಪಿನ ಮೂಳೆಯ ಚೂರಿನೊಡನೆಯೇ ರಜ್ಜುವನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮೂಳೆಯ ಸುರಂಗದಲ್ಲಿ ಮೂಳೆಯೇ ಕೂತರೆ ಬೆಸುಗೆ ಬೇಗನೆ ಆಗುತ್ತದೆ, ಆದರೆ ಮಂಡಿಯೂರುವಾಗ ನೋವು ಉಳಿಯಬಹುದು; ತೊಡೆಯ ಹಿಂಬದಿಯ ಎರಡು ರಜ್ಜುಗಳನ್ನು ತೆಗೆದು ಮಡಚಿ ನಾಲ್ಕು ಎಳೆ ಮಾಡಿದರೆ ಆ ನೋವು ಕಡಿಮೆ, ಆದರೆ ಬೆಸುಗೆ ನಿಧಾನ. ಈ ವಾದ ಇಂದಿಗೂ ಮುಗಿದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ದೇಹದ ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನೆಟ್ಟ ರಜ್ಜುವಿನ ಜೀವಕೋಶಗಳು ಮೊದಲು ಸಾಯುತ್ತವೆ, ಸುತ್ತಣ ಅಂಗಾಂಶದಿಂದ ಹೊಸ ರಕ್ತನಾಳಗಳೂ ಕೋಶಗಳೂ ಅದರೊಳಕ್ಕೆ ಬಂದು ಸೇರುತ್ತವೆ, ತಿಂಗಳುಗಟ್ಟಲೆ ಕಾಲದಲ್ಲಿ ಅದು ಅಸ್ಥಿರಜ್ಜುವಿನ ಗುಣವನ್ನು ಸ್ವಲ್ಪಸ್ವಲ್ಪವಾಗಿ ಪಡೆಯುತ್ತದೆ; ಮೊಲಗಳ ಮೇಲೆ ನಡೆದ ಪರೀಕ್ಷೆಗಳಿಂದ 1986ರಲ್ಲಿ ಈ ಪರಿವರ್ತನೆಯು ವಿವರಿಸಲ್ಪಟ್ಟಿತು. ಆ ನಡುಗಾಲದಲ್ಲಿ ಕಸಿಯು ಅತ್ಯಂತ ದುರ್ಬಲವಾಗಿರುವುದರಿಂದಲೇ, ಕಾಲು ಚೆನ್ನಾಗಿದೆಯೆಂದು ತೋರಿದರೂ ಅವಸರದಿಂದ ಅಂಕಣಕ್ಕೆ ಮರಳಬಾರದೆಂದು ವೈದ್ಯರು ಹೇಳುವುದು.

ತಿರುವಿನ ಪ್ರಶ್ನೆಯು ಮರಳಿ ಬಂದದ್ದು 1960ರ ದಶಕದ ಕೊನೆಯಲ್ಲಿ, ಮತ್ತು ಅದು ಒಂದೇ ಊರಿನಿಂದ ಬರಲಿಲ್ಲ. 1967ರಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಲೆಮೇರ್, 1968ರಲ್ಲಿ ಅಮೆರಿಕದ ಓರೆಗಾನ್ ಪ್ರಾಂತದ ಸ್ಲೋಕಮ್ ಮತ್ತು ಲಾರ್ಸನ್, 1972ರಲ್ಲಿ ಟೊರಾಂಟೊ ನಗರದ ಮ್ಯಾಕಿಂಟಾಷ್ ಮತ್ತು ಅವರ ಸಹಚರರು, 1978ರಲ್ಲಿ ಮೊಂಟಾನಾದ ಎನಿಸ್ ಎಂಬ ಸಣ್ಣ ಊರಿನ ವೈದ್ಯ ರೊನಾಲ್ಡ್ ಲೋಸೀ, ಇವರೆಲ್ಲರೂ ತಮ್ಮತಮ್ಮ ರೋಗಿಗಳ ದೂರನ್ನು ನಂಬಿ, ಅದನ್ನು ಪರೀಕ್ಷೆಯ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಮಾಡಲು ಪ್ರಯತ್ನಿಸಿದರು. ಟೊರಾಂಟೊದ ಪರೀಕ್ಷೆಯು ಪಿವಟ್ ಶಿಫ್ಟ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಕಾಲನ್ನು ನೀಡಿ, ಪಾದವನ್ನು ಒಳಮುಖಕ್ಕೆ ತಿರುಗಿಸಿ, ಮಂಡಿಯ ಹೊರಬದಿಯಿಂದ ಒಳಕ್ಕೆ ಒತ್ತುತ್ತ ನಿಧಾನವಾಗಿ ಮಡಚಿದರೆ, ಎಸಿಎಲ್ ಇಲ್ಲದ ಮಂಡಿಯಲ್ಲಿ ಕಣಕಾಲಿನ ಮೂಳೆಯ ಹೊರಭಾಗವು ಮೊದಲೇ ಮುಂದಕ್ಕೆ ಜಾರಿ ನಿಂತಿರುತ್ತದೆ. ಮಡಚುವ ಕೋನವು 30 ಡಿಗ್ರಿಯ ಆಸುಪಾಸಿಗೆ ಬಂದಾಗ ತೊಡೆಯ ಹೊರಪಟ್ಟಿಯು ತಿರುಗುವ ಅಕ್ಷದ ಮುಂದಿನಿಂದ ಹಿಂದಕ್ಕೆ ಸರಿದು ಅದನ್ನು ಹಿಂದಕ್ಕೆಳೆಯುತ್ತದೆ, ಮತ್ತು ಮೂಳೆಯು ಸ್ವಸ್ಥಾನಕ್ಕೆ ಧಡಕ್ಕನೆ ಬಂದು ಬೀಳುತ್ತದೆ. ಆ ಕ್ಷಣದಲ್ಲಿ ರೋಗಿಯು, ಇದೇ, ಆಟದಲ್ಲಿ ನನಗೆ ಆಗುವುದು ಇದೇ, ಎಂದು ಉದ್ಗರಿಸುವುದುಂಟು. ಯಾವ ಯಂತ್ರವೂ ಇಲ್ಲದೆ ಎರಡು ಕೈಗಳಿಂದ ರೋಗಿಯ ಅನುಭವವನ್ನೇ ಪುನಃ ಹುಟ್ಟಿಸುವ ಇಂಥ ಪರೀಕ್ಷೆ ವೈದ್ಯವಿದ್ಯೆಯಲ್ಲಿ ಅಪರೂಪ. ನೋವಿಗೆ ಹೆದರಿ ರೋಗಿಯು ಸ್ನಾಯುಗಳನ್ನು ಬಿಗಿಹಿಡಿದರೆ ಇದು ಕಾಣದು. ಆದುದರಿಂದ ಅರಿವಳಿಕೆ ಕೊಟ್ಟ ಮೇಲೆ, ಶಸ್ತ್ರ ಹಿಡಿಯುವ ಮುನ್ನ, ಇದನ್ನು ಮಾಡಿ ನೋಡುವುದು ಪದ್ಧತಿಯಾಯಿತು.

ಲೆಮೇರ್ ಮತ್ತು ಮ್ಯಾಕಿಂಟಾಷ್ ಅವರು ರೋಗವನ್ನು ಗುರುತಿಸಿ ಸುಮ್ಮನಾಗಲಿಲ್ಲ; ತೊಡೆಯ ಹೊರಪಟ್ಟಿಯಿಂದಲೇ ಒಂದು ಸೀಳನ್ನು ತೆಗೆದು, ಕೀಲಿನ ಒಳಗೆ ಹೋಗದೆ, ಅದರ ಹೊರಬದಿಯಲ್ಲಿ ತೊಡೆಮೂಳೆಗೆ ಬಿಗಿಯುವ ಶಸ್ತ್ರಕ್ರಿಯೆಗಳನ್ನು ರೂಪಿಸಿದರು. ಇದರ ಯುಕ್ತಿ ಸುಲಭವಾಗಿ ತಿಳಿಯತಕ್ಕದ್ದು: ತಿರುಗುವ ಬಂಡಿಯ ಗಾಲಿಯನ್ನು ನಿಲ್ಲಿಸಬೇಕಾದವನು ನಡುವಣ ಗುಂಬವನ್ನು ಹಿಡಿಯುವುದಿಲ್ಲ, ಅಂಚಿನ ಪಟ್ಟೆಯನ್ನು ಹಿಡಿಯುತ್ತಾನೆ. ಎಸಿಎಲ್ ಇರುವುದು ತಿರುವಿನ ಅಕ್ಷದ ಸಮೀಪದಲ್ಲಿ. ಹೊರಬದಿಯ ಪಟ್ಟಿಯು ಅಕ್ಷದಿಂದ ದೂರದಲ್ಲಿರುವ ಕಾರಣ ಅಲ್ಪಬಲದಿಂದಲೇ ತಿರುವನ್ನು ತಡೆಯಬಲ್ಲುದು. ಆದರೆ ಒಳಗಿನ ರಜ್ಜುವನ್ನು ಕಟ್ಟದೆ ಹೊರಗಿನದನ್ನೇ ನಂಬಿ ಮಾಡಿದ ಶಸ್ತ್ರಕ್ರಿಯೆಗಳು ಕಾಲಕ್ರಮದಲ್ಲಿ ಸಡಿಲವಾದವು. ವಾರಗಟ್ಟಲೆ ಪ್ಲಾಸ್ಟರಿನಲ್ಲಿಟ್ಟ ಮಂಡಿಗಳು ಬಿಗಿದುಹೋದವು. ಅತಿಯಾಗಿ ಬಿಗಿದ ಕೀಲಿನ ಹೊರಭಾಗ ಸವೆಯುವುದೆಂಬ ಭಯವೂ ಹುಟ್ಟಿತು. 1989ರಲ್ಲಿ ಕೊಲರಾಡೊದ ಸ್ನೋಮಾಸ್ ಎಂಬಲ್ಲಿ ಸೇರಿದ ಅಮೆರಿಕದ ಕ್ರೀಡಾವೈದ್ಯರ ಗೋಷ್ಠಿಯ ತರುವಾಯ ಹೊರಬದಿಯ ಶಸ್ತ್ರಕ್ರಿಯೆಯು ಆ ದೇಶದಲ್ಲಿ ಬಹುಮಟ್ಟಿಗೆ ಕೈಬಿಡಲ್ಪಟ್ಟಿತು. ಫ್ರಾನ್ಸಿನ ಕೆಲವು ವೈದ್ಯಶಾಲೆಗಳು, ವಿಶೇಷವಾಗಿ ಲಿಯೋನ್ ನಗರದವು, ಅದನ್ನು ಬಿಡದೆ ಉಳಿಸಿಕೊಂಡವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಬಿಟ್ಟದ್ದಕ್ಕೆ ಮತ್ತೊಂದು ಕಾರಣವೂ ಇದ್ದಿತು. ಕೀಲಿನೊಳಗೆ ನಳಿಗೆಯಿಟ್ಟು ನೋಡುವ ವಿದ್ಯೆ, 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿಯ ಕೈಯಲ್ಲಿ ಹುಟ್ಟಿ, ಅವನ ಶಿಷ್ಯ ವತನಾಬೆಯ ಕೈಯಲ್ಲಿ ಬೆಳೆದು, ಈ ವೇಳೆಗೆ ಪ್ರೌಢಾವಸ್ಥೆಯನ್ನು ತಲುಪಿತ್ತು. 1980ರಲ್ಲಿ ಇಂಗ್ಲೆಂಡಿನ ಡೇವಿಡ್ ಡ್ಯಾಂಡಿ ಅವರು ಆರ್ತ್ರೋಸ್ಕೋಪ್ ಎಂಬ ಈ ನಳಿಗೆಯ ಸಹಾಯದಿಂದ ಎಸಿಎಲ್ ಪುನರ್ನಿರ್ಮಾಣವನ್ನು ಮಾಡಿದ್ದರು. ಎರಡು ಮೂರು ಸಣ್ಣ ತೂತುಗಳ ಮೂಲಕ ಒಳಗಿನ ರಜ್ಜುವನ್ನು ಕಟ್ಟಬಹುದಾದಾಗ, ಹೊರಬದಿಯಲ್ಲಿ ಉದ್ದನೆಯ ಗಾಯ ಮಾಡುವ ಕ್ರಮ ಹಳೆಯದಾಗಿ ಕಂಡದ್ದು ಸಹಜ. ಕೃತಕ ನಾರುಗಳೂ ಆ ದಶಕದಲ್ಲಿ ಬಂದು, ಸವೆದು, ಹರಿದು, ಕೀಲನ್ನು ಕೆರಳಿಸಿ ಹೋದವು. ಉಳಿದದ್ದು ರೋಗಿಯ ಸ್ವಂತ ಸ್ನಾಯುರಜ್ಜು, ಮತ್ತು ಅದನ್ನು ನೆಡುವ ಅನುಕೂಲವಾದ ಒಂದು ಮಾರ್ಗ: ಕಣಕಾಲಿನ ಮೂಳೆಯಲ್ಲಿ ಕೊರೆದ ಸುರಂಗದ ಮೂಲಕವೇ ತೊಡೆಮೂಳೆಯನ್ನೂ ಕೊರೆಯುವುದು. ಈ ಅನುಕೂಲಕ್ಕೆ ಬೆಲೆ ತೆರಬೇಕಾಯಿತು. ಹಾಗೆ ಕೊರೆದ ಸುರಂಗವು ಸಹಜಸ್ಥಾನಕ್ಕಿಂತ ಮೇಲೆ ಬೀಳುತ್ತಿತ್ತು. ಕಸಿಯು ಓರೆಯಾಗಿರದೆ ನೆಟ್ಟಗೆ ನಿಲ್ಲುತ್ತಿತ್ತು. ನೆಟ್ಟಗೆ ನಿಂತ ಕಸಿ ಮುಂದಿನ ಜಾರುವಿಕೆಯನ್ನು ತಡೆದರೂ ತಿರುವನ್ನು ಚೆನ್ನಾಗಿ ತಡೆಯಲಾರದು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಇದಕ್ಕೆ ಪ್ರಮಾಣಗಳು ದೊರೆತವು. 2002ರಲ್ಲಿ ಪಿಟ್ಸ್‌ಬರ್ಗ್ ನಗರದ ಸಾವಿಯೊ ವೂ, ಫ್ರೆಡ್ಡಿ ಫೂ ಮೊದಲಾದವರು ಶವಗಳ ಮಂಡಿಗಳನ್ನು ಯಂತ್ರದ ತೋಳಿನಿಂದ ಪರೀಕ್ಷಿಸಿ, ಮಂಡಿಚಿಪ್ಪಿನ ಕಸಿಯಾಗಲಿ ತೊಡೆಯ ಹಿಂಬದಿಯ ಕಸಿಯಾಗಲಿ ಮುಂದಿನ ಎಳೆತವನ್ನು ಚೆನ್ನಾಗಿ ತಡೆದರೂ, ತಿರುವಿನ ಬಲಗಳಿಗೆ ಎದುರಾಗಿ ಸಾಕಷ್ಟು ನಿಲ್ಲಲಾರವೆಂದು ತೋರಿಸಿದರು. 2004ರಲ್ಲಿ ಸ್ಕಾಟ್ ಟ್ಯಾಶ್‌ಮನ್ ಮತ್ತು ಅವರ ಸಂಗಡಿಗರು ಮೂಳೆಗಳಲ್ಲಿ ಟ್ಯಾಂಟಲಮ್ ಲೋಹದ ಸೂಕ್ಷ್ಮ ಮಣಿಗಳನ್ನಿಟ್ಟು, ಜೀವಂತ ರೋಗಿಗಳು ಇಳಿಜಾರಿನಲ್ಲಿ ಓಡುವಾಗ ಅತಿವೇಗದ ಕ್ಷಕಿರಣಗಳಿಂದ ನೋಡಿದರು. ಕಸಿ ಪಡೆದ ಮಂಡಿಯಲ್ಲಿ ಮೂಳೆಯ ಮುಂದಿನ ಸರಿತವು ಸಹಜವಾಗಿಯೇ ಇತ್ತು. ಆದರೆ ಅದು ಆ ರೋಗಿಯ ಇನ್ನೊಂದು ಮಂಡಿಗಿಂತ ಸುಮಾರು 4 ಡಿಗ್ರಿ ಹೊರಮುಖವಾಗಿ ತಿರುಗಿತ್ತು. ಗ್ರೀಸಿನ ಅಯೋನಿನಾದಲ್ಲಿ ಜಾರ್ಜೌಲಿಸ್ ಮತ್ತಿತರರು, ಮೆಟ್ಟಿಲಿಳಿದೊಡನೆ ತಿರುಗುವ ರೋಗಿಗಳಲ್ಲಿ ಒಳತಿರುವು ಮಿತಿಮೀರುವುದನ್ನು ಕಂಡರು. ನಾಲ್ಕು ಡಿಗ್ರಿಯೆಂದರೆ ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಓಟದ ಪ್ರತಿ ಹೆಜ್ಜೆಯಲ್ಲಿಯೂ ಮೃದ್ವಸ್ಥಿಯ ಮೇಲೆ ಭಾರವು ಬೀಳಬೇಕಾದ ತಾಣವನ್ನು ಬಿಟ್ಟು ಬೇರೆಡೆ ಬೀಳುತ್ತಿದ್ದರೆ, ಮುಪ್ಪಿಗೆ ಮುಂಚೆಯೇ ಮಂಡಿ ಸವೆಯುವುದಕ್ಕೆ ಅದು ಕಾರಣವಾಗಬಹುದೆಂಬ ಶಂಕೆ ನಿರಾಧಾರವಲ್ಲ.

ಪರಿಹಾರವನ್ನು ಮೊದಲು ಒಳಗೇ ಹುಡುಕಿದರು. ಎಸಿಎಲ್‌ನಲ್ಲಿ ಎರಡು ಕಟ್ಟುಗಳಿವೆ. ಹಿಂಬದಿಯ ಕಟ್ಟು ಕಾಲು ನೀಡಿದಾಗ ಬಿಗಿದು ತಿರುವನ್ನು ತಡೆಯಲು ನೆರವಾಗುತ್ತದೆ. ಜಪಾನಿನ ವೈದ್ಯರೂ ಪಿಟ್ಸ್‌ಬರ್ಗಿನವರೂ ಎರಡು ಕಟ್ಟುಗಳನ್ನೂ ಬೇರೆಬೇರೆಯಾಗಿ ನಿರ್ಮಿಸಿದರು. ಕೈಪರೀಕ್ಷೆಯಲ್ಲಿ ತಿರುವು ಉತ್ತಮಗೊಂಡಿತೆಂದು ಹಲವರು ವರದಿ ಮಾಡಿದರೂ, ರೋಗಿಗಳಿಗೆ ತಮ್ಮ ಕಾಲಿನಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಶ್ರಮ ಹೆಚ್ಚಿನದಾದ ಆ ಪದ್ಧತಿ ಹಿಂದೆ ಸರಿಯಿತು. ಅದರಿಂದ ಉಳಿದ ಲಾಭವೆಂದರೆ, ಸುರಂಗವನ್ನು ರಜ್ಜುವಿನ ಸಹಜಸ್ಥಾನದಲ್ಲಿಯೇ ಕೊರೆಯಬೇಕೆಂಬ ಹೇ ಗ್ರೋವ್ಸನ ಹಳೆಯ ಆಗ್ರಹ ಮತ್ತೆ ಮಾನ್ಯವಾದದ್ದು.

ಅಷ್ಟರಲ್ಲಿ, 2013ರಲ್ಲಿ, ಬೆಲ್ಜಿಯಮ್ಮಿನ ಲ್ಯೂವೆನ್ ನಗರದಿಂದ ಸ್ಟೀವನ್ ಕ್ಲಾಸ್ ಮತ್ತು ಯೋಹಾನ್ ಬೆಲ್ಲೆಮನ್ಸ್ ಮೊದಲಾದವರು, ತಾವು ಕೊಯ್ದು ನೋಡಿದ 41 ಮಂಡಿಗಳಲ್ಲಿ ಒಂದನ್ನುಳಿದು ಮಿಕ್ಕೆಲ್ಲದರಲ್ಲಿ ಹೊರಬದಿಯ ಮುಂಭಾಗದಲ್ಲಿ ಸ್ಪಷ್ಟವಾದ ರಜ್ಜುವೊಂದಿರುವುದನ್ನು ಪ್ರಕಟಿಸಿದರು. ಪತ್ರಿಕೆಗಳು ಮನುಷ್ಯದೇಹದಲ್ಲಿ ಹೊಸ ಅಂಗವೇ ಸಿಕ್ಕಿತೆಂದು ಸಾರಿದವು. ಆದರೆ ಲ್ಯೂವೆನ್ನಿನ ವಿದ್ವಾಂಸರು ತಮ್ಮ ಲೇಖನದಲ್ಲಿ ಸೆಗಾಂನನ್ನು ಮರೆತಿರಲಿಲ್ಲ. ಅವರು ತೋರಿಸಿದ್ದು 1879ರ ಆ ಮುತ್ತಿನ ಹೊಳಪಿನ ಪಟ್ಟಿಯನ್ನೇ. ಅದು ಸ್ವತಂತ್ರ ರಜ್ಜುವೋ ಕೀಲುಕೋಶದ ದಪ್ಪನಾದ ಭಾಗವೋ ಎಂಬ ವಾದ ನಡೆಯಿತು, ಕೆಲವರು ಕೊಯ್ದ ಮಂಡಿಗಳಲ್ಲಿ ಅದು ಅಷ್ಟು ನಿಯತವಾಗಿ ಸಿಗಲೂ ಇಲ್ಲ. ಆದರೂ ವೈದ್ಯರ ಕಣ್ಣು ಕೀಲಿನ ಹೊರಬದಿಯತ್ತ ಮರಳಿತು.

ಮರಳಿದ ಕಣ್ಣಿಗೆ ಪ್ರಮಾಣ ಬೇಕಾಗಿತ್ತು. ಅದನ್ನು ಒದಗಿಸಿದವರು ಕೆನಡಾದ ಒಂಟಾರಿಯೋ ಪ್ರಾಂತದ ಲಂಡನ್ ನಗರದಲ್ಲಿದ್ದ ಅಲನ್ ಗೆಟ್‌ಗುಡ್ ಮತ್ತು ಅವರೊಡನೆ ದುಡಿದ ಕೆನಡಾ ಹಾಗೂ ಯೂರೋಪಿನ ಹಲವು ಆಸ್ಪತ್ರೆಗಳ ವೈದ್ಯರು. 25 ವರ್ಷ ಮೀರದ, ಮರಳಿ ಗಾಯಗೊಳ್ಳುವ ಅಪಾಯ ಹೆಚ್ಚಾಗಿದ್ದ 618 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ತೊಡೆಯ ಹಿಂಬದಿಯ ರಜ್ಜುಗಳ ಕಸಿಯನ್ನು ಮಾತ್ರವೂ, ಇನ್ನೊಂದಕ್ಕೆ ಅದರೊಡನೆ ಲೆಮೇರ್ ಅವರ ಶಸ್ತ್ರಕ್ರಿಯೆಯ ಪರಿಷ್ಕೃತ ರೂಪವನ್ನೂ ಮಾಡಿದರು: ಹೊರಪಟ್ಟಿಯಿಂದ ಸುಮಾರು 1 ಸೆಂಟಿಮೀಟರ್ ಅಗಲದ ಸೀಳು, ಕೆಳತುದಿ ಸ್ವಸ್ಥಾನದಲ್ಲಿಯೇ, ಮೇಲ್ತುದಿಯು ಬದಿಯ ಅಸ್ಥಿರಜ್ಜುವಿನ ಅಡಿಯಿಂದ ಹಾಯ್ದು ತೊಡೆಮೂಳೆಗೆ. 2020ರಲ್ಲಿ ಪ್ರಕಟವಾದ ಫಲದಂತೆ, ಎರಡು ವರ್ಷಗಳಲ್ಲಿ ಕಸಿ ಮಾತ್ರ ಪಡೆದವರಲ್ಲಿ ಶೇಕಡಾ 11 ಮಂದಿಗೆ ಅದು ಮತ್ತೆ ಹರಿದಿತ್ತು, ಹೊರಬದಿಯ ಬಿಗಿತವನ್ನೂ ಪಡೆದವರಲ್ಲಿ ಶೇಕಡಾ 4 ಮಂದಿಗೆ. ಕಸಿ ಹರಿದವರನ್ನೂ, ಪರೀಕ್ಷೆಯಲ್ಲಿ ತಿರುವಿನ ಸಡಿಲತನ ಉಳಿದವರನ್ನೂ ಸೇರಿಸಿ ಎಣಿಸಿದರೆ ಶೇಕಡಾ 40 ಮತ್ತು 25. ಹೊರಬದಿಯ ಶಸ್ತ್ರಕ್ರಿಯೆ ಪಡೆದವರಿಗೆ ಮೊದಲ ತಿಂಗಳುಗಳಲ್ಲಿ ನೋವು ಸ್ವಲ್ಪ ಹೆಚ್ಚಾಗಿತ್ತು, ತೊಡೆಯ ಬಲ ಮರಳುವುದು ಸ್ವಲ್ಪ ತಡವಾಯಿತು. ವರ್ಷ ಕಳೆಯುವುದರೊಳಗೆ ಆ ವ್ಯತ್ಯಾಸ ಅಳಿಸಿಹೋಯಿತು.

ಎಲ್ಲ ರೋಗಿಗಳಿಗೂ ಇದು ಬೇಕೆಂದು ಆ ಪರೀಕ್ಷೆಯಿಂದ ಹೇಳಲಾಗುವುದಿಲ್ಲ. ನಲವತ್ತು ದಾಟಿ, ತಿರುವಿನ ಆಟಗಳನ್ನು ಆಡದೆ, ನೆಟ್ಟಗೆ ನಡೆದಾಡುವ ಜೀವನವನ್ನು ನಡೆಸುವವರ ಮಂಡಿಯು ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ ಶಸ್ತ್ರವಿಲ್ಲದೆಯೇ ನೆಮ್ಮದಿಯಾಗಿರುವುದುಂಟು. ಆದರೆ ಕಬಡ್ಡಿಯ, ಫುಟ್‌ಬಾಲಿನ, ಬ್ಯಾಸ್ಕೆಟ್‌ಬಾಲಿನ ಎಳೆಯರ ವಿಷಯ ಬೇರೆ. ಒಮ್ಮೆ ಕಸಿ ಹರಿದರೆ ಎರಡನೆಯ ಶಸ್ತ್ರಚಿಕಿತ್ಸೆಯ ಫಲ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲವಾದುದರಿಂದ, ಅವರ ವಿಷಯದಲ್ಲಿ 11ಕ್ಕೂ 4ಕ್ಕೂ ಇರುವ ಅಂತರವನ್ನು ಅಲ್ಪವೆಂದು ಎಣಿಸಲಾಗದು. ಮಂಡಿಚಿಪ್ಪಿನ ರಜ್ಜುವನ್ನೋ ತೊಡೆಯ ಮುಂಬದಿಯ ರಜ್ಜುವನ್ನೋ ಕಸಿಯಾಗಿ ಬಳಸಿದಾಗಲೂ ಹೊರಬದಿಯ ಬಿಗಿತದಿಂದ ಇದೇ ಪ್ರಯೋಜನ ದೊರೆಯುವುದೇ ಎಂಬ ಪ್ರಶ್ನೆಯನ್ನು ಅದೇ ವೈದ್ಯರು ಎರಡನೆಯ ಪರೀಕ್ಷೆಯೊಂದರಲ್ಲಿ ಕೈಗೆತ್ತಿಕೊಂಡಿದ್ದಾರೆ.